ರಫ್ತಿನ ಕಾವಲು: ಬಂದರಿಲ್ಲದ ಮಂಡ್ಯಕ್ಕೂ ಗಡಿಯ ಕಾನೂನು

ಮಂಡ್ಯ: ಜಿಲ್ಲೆಗೆ ಕಡಲ ತೀರವಿಲ್ಲ, ಅಂತರರಾಷ್ಟ್ರೀಯ ಗಡಿಯಿಲ್ಲ, ವಿದೇಶಕ್ಕೆ ಸರಕು ಸಾಗಿಸುವ ವಿಮಾನ ನಿಲ್ದಾಣವೂ ಇಲ್ಲ. ಆದರೂ ಮದ್ದೂರು ತಾಲ್ಲೂಕಿನ ಸೋಮನಹಳ್ಳಿ, ಗೆಜ್ಜಲಗೆರೆ ಅಥವಾ ಮಂಡ್ಯ ಸಮೀಪದ ತೂಬಿನಕೆರೆ ಕೈಗಾರಿಕಾ ಪ್ರದೇಶದಿಂದ ಲಾರಿಯೇರುವ ಒಂದು ಪೆಟ್ಟಿಗೆ ವಿದೇಶಕ್ಕೆ ಹೊರಟಿದ್ದರೆ, ಅದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ನಿರ್ಣಯವೊಂದರಿಂದ ಹಿಡಿದು ದೆಹಲಿಯ ಅಂತರ-ಸಚಿವಾಲಯ ಸಮಿತಿಯವರೆಗೆ ಹಬ್ಬಿರುವ ಕಾನೂನಿನ ಜಾಲವನ್ನು ದಾಟಿಯೇ ಹೋಗಬೇಕು. ಆ ಜಾಲದ ಹೆಸರು ರಫ್ತು ನಿಯಂತ್ರಣ.

ಗಡಿ ಭದ್ರತೆ ಎಂದೊಡನೆ ಮುಳ್ಳುತಂತಿ, ಬಂದೂಕು ಹಿಡಿದ ಯೋಧ, ಬಂದರಿನ ಸುಂಕದ ಕಟ್ಟೆ ಕಣ್ಣ ಮುಂದೆ ಬರುತ್ತವೆ. ಆದರೆ ಸಾಮೂಹಿಕ ವಿನಾಶದ ಅಸ್ತ್ರಗಳ ಬಿಡಿಭಾಗಗಳು ಅಸ್ತ್ರದ ರೂಪದಲ್ಲಿ ಗಡಿ ದಾಟುವುದು ವಿರಳ. ಅವು ದಾಟುವುದು ಪಂಪು, ಕವಾಟ, ಉಕ್ಕಿನ ಕೊಳವೆ, ರಾಸಾಯನಿಕದ ಡ್ರಮ್ಮು, ಕಂಪ್ಯೂಟರಿನ ಕಡತಗಳ ರೂಪದಲ್ಲಿ. ಅವನ್ನು ಗುರುತಿಸಬಲ್ಲವರು ಸುಂಕದ ಅಧಿಕಾರಿಗಿಂತ ಮೊದಲು ಅವನ್ನು ತಯಾರಿಸಿದವರೇ. ಈ ವಿಷಯದಲ್ಲಿ ದೇಶ ದೇಶಗಳ ನಡುವೆ ನಡೆದಿರುವ ತರಬೇತಿ ಹಾಗೂ ನೆರವಿನ ವ್ಯವಹಾರ ದೊಡ್ಡದು. ಅದು ತಾಲ್ಲೂಕು ಮಟ್ಟದ ಸಣ್ಣ ಉದ್ಯಮಿಯನ್ನು ಎಷ್ಟರ ಮಟ್ಟಿಗೆ ತಲುಪುತ್ತದೆ ಎಂಬುದೇ ಪ್ರಶ್ನೆ.

ಎರಡು ಬಗೆಯ ನಿಯಂತ್ರಣ

ರಫ್ತು ನಿರ್ಬಂಧ ಎಂಬ ಪದ ಮಂಡ್ಯದ ರೈತರಿಗೆ ಹೊಸದಲ್ಲ. 1933ರಲ್ಲಿ ಆರಂಭವಾದ ಮೈಸೂರು ಸಕ್ಕರೆ ಕಾರ್ಖಾನೆಯ ಊರು ಇದು. ಕೇಂದ್ರ ಸರ್ಕಾರವು 2022ರ ಜೂನ್ 1ರಿಂದ ಸಕ್ಕರೆಯನ್ನು ‘ನಿರ್ಬಂಧಿತ’ ಪಟ್ಟಿಗೆ ಸೇರಿಸಿತು. 2023ರ ಅಕ್ಟೋಬರ್‌ನಲ್ಲಿ ಆ ಕ್ರಮವನ್ನು ಮುಂದಿನ ಆದೇಶದವರೆಗೆ ವಿಸ್ತರಿಸಿತು. 2025ರ ಜನವರಿಯಲ್ಲಿ 10 ಲಕ್ಷ ಟನ್ ರಫ್ತಿಗೆ ಅನುಮತಿ ನೀಡಿತು. ಬಾಸ್ಮತಿಯೇತರ ಬಿಳಿ ಅಕ್ಕಿಯ ರಫ್ತನ್ನು 2023ರ ಜುಲೈನಲ್ಲಿ ನಿಷೇಧಿಸಿ, 2024ರ ಸೆಪ್ಟೆಂಬರ್‌ನಲ್ಲಿ ತೆರವುಗೊಳಿಸಲಾಯಿತು. ಕಬ್ಬು ಮತ್ತು ಭತ್ತ ಬೆಳೆಯುವ ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ ಇಂತಹ ಪ್ರತಿಯೊಂದು ಆದೇಶವೂ ಚರ್ಚೆಯ ವಿಷಯವಾಗುತ್ತದೆ.

ಇದು ಆರ್ಥಿಕ ನಿಯಂತ್ರಣ. ದೇಶದೊಳಗಿನ ಬೆಲೆ ಮತ್ತು ದಾಸ್ತಾನು ಇದರ ಗುರಿ. ಪರಿಸ್ಥಿತಿ ಬದಲಾದಂತೆ ಆದೇಶವೂ ಬದಲಾಗುತ್ತದೆ.

ಎರಡನೆಯದು ವ್ಯೂಹಾತ್ಮಕ ನಿಯಂತ್ರಣ. ಅಣ್ವಸ್ತ್ರ, ರಾಸಾಯನಿಕ ಅಸ್ತ್ರ, ಜೈವಿಕ ಅಸ್ತ್ರ, ಕ್ಷಿಪಣಿ ಹಾಗೂ ಯುದ್ಧ ಸಾಮಗ್ರಿಗಳಿಗೆ ಬಳಕೆಯಾಗಬಲ್ಲ ವಸ್ತು, ಯಂತ್ರ ಮತ್ತು ತಂತ್ರಜ್ಞಾನ ಯಾರ ಕೈಸೇರುತ್ತದೆ ಎಂಬುದು ಇಲ್ಲಿನ ಕಾಳಜಿ. ಬೆಲೆಯ ಏರಿಳಿತಕ್ಕೂ ಇದಕ್ಕೂ ಸಂಬಂಧವಿಲ್ಲ. ಸಕ್ಕರೆಯ ವಿಷಯದಲ್ಲಿ ಸರ್ಕಾರ ‘ಎಷ್ಟು’ ಎಂದು ಕೇಳುತ್ತದೆ. ಇಲ್ಲಿ ‘ಯಾರಿಗೆ, ಯಾವ ಉಪಯೋಗಕ್ಕೆ’ ಎಂದು ಕೇಳುತ್ತದೆ.

ಏನಿದು ಸ್ಕೋಮೆಟ್?

ಭಾರತದಲ್ಲಿ ಈ ಬಗೆಯ ವಸ್ತುಗಳ ಪಟ್ಟಿಗೆ ‘ಸ್ಕೋಮೆಟ್’ ಎಂದು ಹೆಸರು. ವಿಶೇಷ ರಾಸಾಯನಿಕಗಳು, ಜೀವಿಗಳು, ವಸ್ತುಗಳು, ಉಪಕರಣಗಳು ಮತ್ತು ತಂತ್ರಜ್ಞಾನಗಳು ಎಂಬುದು ಇದರ ವಿಸ್ತೃತ ರೂಪ. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ, ಅಂದರೆ ಡಿಜಿಎಫ್‌ಟಿ, ಈ ಪಟ್ಟಿಯನ್ನು ಪ್ರಕಟಿಸುತ್ತದೆ. 1992ರ ವಿದೇಶ ವ್ಯಾಪಾರ (ಅಭಿವೃದ್ಧಿ ಮತ್ತು ನಿಯಂತ್ರಣ) ಕಾಯ್ದೆ ಇದಕ್ಕೆ ಆಧಾರ. ಆ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ತಂದು, ಇಂತಹ ರಫ್ತಿನ ನಿಯಂತ್ರಣಕ್ಕೆಂದೇ ಪ್ರತ್ಯೇಕ ಅಧ್ಯಾಯವನ್ನು ಸೇರಿಸಲಾಯಿತು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ವಿದೇಶ ವ್ಯಾಪಾರ ನೀತಿಯಲ್ಲಿ 10ನೇ ಅಧ್ಯಾಯ ಸಂಪೂರ್ಣವಾಗಿ ಸ್ಕೋಮೆಟ್‌ಗೆ ಮೀಸಲು.

ಪಟ್ಟಿಯು 0ಯಿಂದ 8ರವರೆಗಿನ ವರ್ಗಗಳಲ್ಲಿ ಹಂಚಿಕೊಂಡಿದೆ:

* ವರ್ಗ 0: ಪರಮಾಣು ವಸ್ತುಗಳು, ಸಂಬಂಧಿತ ಉಪಕರಣಗಳು. ಅನುಮತಿ ನೀಡುವುದು ಅಣುಶಕ್ತಿ ಇಲಾಖೆ.
* ವರ್ಗ 1: ವಿಷಕಾರಿ ರಾಸಾಯನಿಕಗಳು.
* ವರ್ಗ 2: ಸೂಕ್ಷ್ಮಾಣು ಜೀವಿಗಳು, ಜೈವಿಕ ವಿಷಗಳು.
* ವರ್ಗ 3: ವಿಶೇಷ ಸಾಮಗ್ರಿ ಮತ್ತು ಅವುಗಳ ಸಂಸ್ಕರಣಾ ಯಂತ್ರಗಳು.
* ವರ್ಗ 4: ವರ್ಗ 0ಯಲ್ಲಿ ಸೇರದ ಪರಮಾಣು ಸಂಬಂಧಿ ಉಪಕರಣಗಳು.
* ವರ್ಗ 5: ವೈಮಾನಿಕ, ಬಾಹ್ಯಾಕಾಶ ವ್ಯವಸ್ಥೆಗಳು.
* ವರ್ಗ 6: ಯುದ್ಧ ಸಾಮಗ್ರಿ. ಅನುಮತಿ ನೀಡುವುದು ರಕ್ಷಣಾ ಉತ್ಪಾದನಾ ಇಲಾಖೆ.
* ವರ್ಗ 7: ಕಾಯ್ದಿರಿಸಲಾಗಿದೆ.
* ವರ್ಗ 8: ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್, ದೂರಸಂಪರ್ಕ, ಮಾಹಿತಿ ಭದ್ರತೆ, ಸಂವೇದಕ, ಲೇಸರ್ ಮುಂತಾದವು.

ಉಳಿದ ವರ್ಗಗಳ ಅರ್ಜಿಗಳು ಡಿಜಿಎಫ್‌ಟಿಯ ಅಂತರ-ಸಚಿವಾಲಯ ಕಾರ್ಯತಂಡದ ಮುಂದೆ ಬರುತ್ತವೆ. ವಿದೇಶಾಂಗ, ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಮೊದಲಾದ ಇಲಾಖೆಗಳು ಅಲ್ಲಿ ಅಭಿಪ್ರಾಯ ನೀಡುತ್ತವೆ. ಕೊಳ್ಳುವವರು ಯಾರು, ಅಂತಿಮ ಬಳಕೆದಾರ ಯಾರು, ಯಾವ ಉಪಯೋಗಕ್ಕೆ ಎಂಬುದನ್ನು ತಿಳಿಸುವ ‘ಅಂತಿಮ ಬಳಕೆ ಪ್ರಮಾಣಪತ್ರ’ ಅರ್ಜಿಯ ಜೀವಾಳ.

ಪಟ್ಟಿಯಲ್ಲಿ ಇಲ್ಲದ ವಸ್ತುವಾದರೆ ಪಾರಾದಂತೆ ಎಂದು ಭಾವಿಸುವುದು ತಪ್ಪು. ವಸ್ತುವು ಸಾಮೂಹಿಕ ವಿನಾಶದ ಅಸ್ತ್ರಕ್ಕೆ ಬಳಕೆಯಾಗುತ್ತದೆ ಎಂದು ರಫ್ತುದಾರನಿಗೆ ತಿಳಿದಿದ್ದರೆ, ಅದು ಪಟ್ಟಿಯಲ್ಲಿ ಇರಲಿ ಬಿಡಲಿ, ಕಾನೂನು ಅನ್ವಯಿಸುತ್ತದೆ. ತಜ್ಞರು ಇದನ್ನು ‘ಕ್ಯಾಚ್-ಆಲ್’ ನಿಯಮವೆನ್ನುತ್ತಾರೆ.

ಹರಳಿನಿಂದ ಲಿಥಿಯಂವರೆಗೆ

ದ್ವಿಬಳಕೆ ಎಂಬ ಪರಿಕಲ್ಪನೆ ಅರ್ಥವಾಗದೆ ಈ ಕಾನೂನು ಅರ್ಥವಾಗದು. ಒಂದೇ ವಸ್ತುವಿಗೆ ನಾಗರಿಕ ಉಪಯೋಗವೂ ಇರುತ್ತದೆ, ಸೈನಿಕ ಉಪಯೋಗವೂ ಇರುತ್ತದೆ. ಇದಕ್ಕೆ ನಿದರ್ಶನ ಹುಡುಕಲು ಪ್ರಯೋಗಾಲಯಕ್ಕೆ ಹೋಗಬೇಕಿಲ್ಲ. ಹೊಲದ ಬದುವಿನಲ್ಲಿ ಬೆಳೆಯುವ ಹರಳು ಗಿಡವೇ ಸಾಕು. ಹರಳೆಣ್ಣೆಯ ವ್ಯಾಪಾರ ಮುಕ್ತ. ಜಗತ್ತಿನಲ್ಲಿ ಅತಿ ಹೆಚ್ಚು ಹರಳು ಬೆಳೆಯುವ ದೇಶ ಭಾರತ. ಆದರೆ ಅದೇ ಬೀಜದಲ್ಲಿರುವ ರಿಸಿನ್ ಎಂಬ ವಿಷವು 1997ರಲ್ಲಿ ಜಾರಿಗೆ ಬಂದ ರಾಸಾಯನಿಕ ಅಸ್ತ್ರ ಒಪ್ಪಂದದ ಮೊದಲ ಅನುಸೂಚಿಯಲ್ಲಿದೆ, ಅಂದರೆ ಅತ್ಯಂತ ಕಟ್ಟುನಿಟ್ಟಾದ ಪಟ್ಟಿಯಲ್ಲಿ.

ಬಾಲ್‌ಪೆನ್ನಿನ ಶಾಯಿಯ ತಯಾರಿಕೆಯಲ್ಲಿ ಬಳಕೆಯಾಗುವ ಥಯೋಡೈಗ್ಲೈಕಾಲ್‌ನಿಂದ ಸಾಸಿವೆ ಅನಿಲವನ್ನೂ ತಯಾರಿಸಬಹುದು. ಕೀಟನಾಶಕ ಉದ್ಯಮಕ್ಕೆ ಬೇಕಾದ ಕೆಲವು ರಂಜಕ ಸಂಯುಕ್ತಗಳು ನರಗಳ ಮೇಲೆ ಪರಿಣಾಮ ಬೀರುವ ವಿಷಾನಿಲಗಳ ಪೂರ್ವಗಾಮಿಗಳೂ ಹೌದು. ಐದು ಅಕ್ಷಗಳ ಸಿಎನ್‌ಸಿ ಯಂತ್ರವು ವೈದ್ಯಕೀಯ ಉಪಕರಣವನ್ನೂ ಕಡೆಯಬಲ್ಲದು, ಕ್ಷಿಪಣಿಯ ಬಿಡಿಭಾಗವನ್ನೂ ಕಡೆಯಬಲ್ಲದು.

ಮಂಡ್ಯ ಜಿಲ್ಲೆಗೆ ಹೆಚ್ಚು ಹತ್ತಿರವಾದ ನಿದರ್ಶನ ಲಿಥಿಯಂ. ಜಿಲ್ಲೆಯ ಮರ್ಲಗಲ್ಲ–ಅಲ್ಲಾಪಟ್ಟಣ ಪ್ರದೇಶದಲ್ಲಿ ಪರಮಾಣು ಖನಿಜಗಳ ಶೋಧನಾ ನಿರ್ದೇಶನಾಲಯವು ಲಿಥಿಯಂ ಇರುವುದನ್ನು ಪತ್ತೆಹಚ್ಚಿತು. 2020ರಲ್ಲಿ 14,100 ಟನ್ ಎಂಬ ಅಂದಾಜು ದೇಶದಾದ್ಯಂತ ಸುದ್ದಿಯಾಯಿತು. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಸಂಸತ್ತಿಗೆ ನೀಡಿದ ಉತ್ತರದಲ್ಲಿದ್ದ ಪ್ರಮಾಣ 1,600 ಟನ್, ಅದೂ ಪ್ರಾಥಮಿಕ ಅಂದಾಜಿನ ವರ್ಗದಲ್ಲಿ.

ಬ್ಯಾಟರಿಗೆ ಬೇಕಾದ ಈ ಲೋಹವನ್ನು ಅಣು ಖನಿಜಗಳ ಇಲಾಖೆ ಹುಡುಕಿದ್ದೇಕೆ ಎಂಬ ಪ್ರಶ್ನೆ ಸಹಜ. ನಿಸರ್ಗದ ಲಿಥಿಯಂನಲ್ಲಿ ಸಣ್ಣ ಪ್ರಮಾಣದಲ್ಲಿರುವ ಲಿಥಿಯಂ-6 ಎಂಬ ಸಮಸ್ಥಾನಿಯಿಂದ ಟ್ರಿಟಿಯಂ ಉತ್ಪಾದಿಸಬಹುದು. ಟ್ರಿಟಿಯಂ ಜಲಜನಕ ಬಾಂಬಿನೊಂದಿಗೆ ಸಂಬಂಧವುಳ್ಳ ವಸ್ತು. ಈ ಕಾರಣದಿಂದಲೇ ಲಿಥಿಯಂ ಖನಿಜಗಳು ದೀರ್ಘಕಾಲ ಅಣು ಖನಿಜಗಳ ಪಟ್ಟಿಯಲ್ಲಿದ್ದವು. 2023ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಗಣಿ ಮತ್ತು ಖನಿಜ ತಿದ್ದುಪಡಿ ಕಾಯ್ದೆಯು ಲಿಥಿಯಂ, ಬೆರಿಲಿಯಂ, ಟೈಟಾನಿಯಂ, ನಿಯೋಬಿಯಂ, ಟ್ಯಾಂಟಲಂ, ಜಿರ್ಕೋನಿಯಂ ಖನಿಜಗಳನ್ನು ಆ ಪಟ್ಟಿಯಿಂದ ತೆಗೆದು, ಖಾಸಗಿಯವರಿಗೂ ಗಣಿಗಾರಿಕೆಯ ಅವಕಾಶ ತೆರೆಯಿತು. ಆದರೆ ಲಿಥಿಯಂ-6 ಸಾಂದ್ರಗೊಳಿಸಿದ ವಸ್ತುವಿನ ಮೇಲಿನ ಅಂತರರಾಷ್ಟ್ರೀಯ ನಿಯಂತ್ರಣ ಸಡಿಲವಾಗಿಲ್ಲ. ಕಲ್ಲು ಮುಕ್ತವಾಯಿತು, ಅದರೊಳಗಿನ ಒಂದು ಅಂಶ ಕಾವಲಿನಲ್ಲೇ ಉಳಿಯಿತು.

ಹೋದ ತಂತ್ರಜ್ಞಾನ, ಬಂದ ತಂತ್ರಜ್ಞಾನ

ತಂತ್ರಜ್ಞಾನ ಗಡಿ ದಾಟುವ ಕಥೆಯಲ್ಲಿ ಈ ಭಾಗದ ಪಾತ್ರ ಹಳೆಯದು. 1799ರ ಮಾರ್ಚ್ 27ರಂದು ಮಳವಳ್ಳಿಯಲ್ಲಿ ಟಿಪ್ಪು ಸುಲ್ತಾನನ ಸೇನೆ ಹಾಗೂ ಬ್ರಿಟಿಷ್ ಸೇನೆಯ ನಡುವೆ ಕದನ ನಡೆಯಿತು. ಮೇ 4ರಂದು ಶ್ರೀರಂಗಪಟ್ಟಣ ಪತನವಾಯಿತು. ಕೋಟೆಯಲ್ಲಿ ದೊರೆತ ಕಬ್ಬಿಣದ ಕೊಳವೆಯ ರಾಕೆಟ್‌ಗಳು ಇಂಗ್ಲೆಂಡಿನ ವೂಲ್‌ವಿಚ್ ಶಸ್ತ್ರಾಗಾರಕ್ಕೆ ಸಾಗಿದವು. ಅವುಗಳ ಪ್ರೇರಣೆಯಿಂದ ವಿಲಿಯಂ ಕಾಂಗ್ರೀವ್ ರೂಪಿಸಿದ ರಾಕೆಟ್‌ಗಳನ್ನು ಬ್ರಿಟನ್ ಯುರೋಪಿನ ಯುದ್ಧಗಳಲ್ಲಿ ಬಳಸಿತು. ಅಂದು ತಂತ್ರಜ್ಞಾನ ಗಡಿ ದಾಟಿದ್ದು ಗೆದ್ದವರ ಕೊಳ್ಳೆಯಾಗಿ.

ಶತಮಾನದ ನಂತರ ಅದೇ ಮಳವಳ್ಳಿ ತಾಲ್ಲೂಕಿಗೆ ಹೊರಗಿನಿಂದ ತಂತ್ರಜ್ಞಾನ ಬಂದಿತು. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ ಕೇಂದ್ರ ಕೋಲಾರ ಚಿನ್ನದ ಗಣಿಗೆ ವಿದ್ಯುತ್ ಹರಿಸತೊಡಗಿದಾಗ ಅದರ ಟರ್ಬೈನುಗಳು ಸ್ವಿಟ್ಜರ್‌ಲೆಂಡಿನವು, ವಿದ್ಯುತ್ ಯಂತ್ರಗಳು ಅಮೆರಿಕದವು. ಆ ಕಾಲದ ಅತ್ಯಾಧುನಿಕ ತಂತ್ರಜ್ಞಾನ ಒಪ್ಪಂದ ಮತ್ತು ಹಣದ ಬಲದ ಮೇಲೆ ಕಾವೇರಿಯ ದಂಡೆ ಸೇರಿತು.

ಆ ಮುಕ್ತ ಕಾಲ ಉಳಿಯಲಿಲ್ಲ. 1974ರ ಮೇ 18ರ ಪೋಖ್ರಾನ್ ಪರೀಕ್ಷೆಯ ಬಳಿಕ ಪರಮಾಣು ಪೂರೈಕೆದಾರ ರಾಷ್ಟ್ರಗಳ ಗುಂಪು ಹುಟ್ಟಿಕೊಂಡಿತು. ರಾಸಾಯನಿಕ ಹಾಗೂ ಜೈವಿಕ ವಸ್ತುಗಳಿಗಾಗಿ 1985ರಲ್ಲಿ ಆಸ್ಟ್ರೇಲಿಯಾ ಗುಂಪು, ಕ್ಷಿಪಣಿಗಳಿಗಾಗಿ 1987ರಲ್ಲಿ ಕ್ಷಿಪಣಿ ತಂತ್ರಜ್ಞಾನ ನಿಯಂತ್ರಣ ಕೂಟ, ಸಾಂಪ್ರದಾಯಿಕ ಅಸ್ತ್ರ ಹಾಗೂ ದ್ವಿಬಳಕೆ ವಸ್ತುಗಳಿಗಾಗಿ 1996ರಲ್ಲಿ ವಾಸೆನಾರ್ ವ್ಯವಸ್ಥೆ ರೂಪುಗೊಂಡವು. ಇವುಗಳ ಬಿಸಿ ಬೆಂಗಳೂರಿಗೆ ನೇರವಾಗಿ ತಟ್ಟಿತು. ರಷ್ಯಾದ ಗ್ಲಾವ್‌ಕಾಸ್ಮಾಸ್ ಸಂಸ್ಥೆಯಿಂದ ಕ್ರಯೋಜೆನಿಕ್ ತಂತ್ರಜ್ಞಾನ ಪಡೆಯಲು ಹೊರಟ ಇಸ್ರೊ ಮೇಲೆ 1992ರ ಮೇ ತಿಂಗಳಿನಲ್ಲಿ ಅಮೆರಿಕ ಎರಡು ವರ್ಷಗಳ ದಿಗ್ಬಂಧನ ಹೇರಿತು. ತಂತ್ರಜ್ಞಾನದ ಬದಲು ಸಿದ್ಧ ಎಂಜಿನುಗಳು ಮಾತ್ರ ಬಂದವು. ದೇಶೀಯ ಕ್ರಯೋಜೆನಿಕ್ ಎಂಜಿನ್ ಹೊತ್ತ ಜಿಎಸ್‌ಎಲ್‌ವಿ ಯಶಸ್ವಿಯಾಗಿ ಹಾರಿದ್ದು 2014ರ ಜನವರಿ 5ರಂದು.

1998ರ ಮೇ ತಿಂಗಳ ಅಣು ಪರೀಕ್ಷೆಗಳ ನಂತರ ಅಮೆರಿಕದ ವಾಣಿಜ್ಯ ಇಲಾಖೆ ಆ ವರ್ಷದ ನವೆಂಬರ್‌ನಲ್ಲಿ ಭಾರತದ ಅನೇಕ ಸಂಸ್ಥೆಗಳನ್ನು ತನ್ನ ನಿರ್ಬಂಧಿತರ ಪಟ್ಟಿಗೆ ಸೇರಿಸಿತು. ಇಸ್ರೊ ಮತ್ತು ಡಿಆರ್‌ಡಿಒ ಅದರಲ್ಲಿದ್ದವು. 2001ರ ಸೆಪ್ಟೆಂಬರ್‌ನಿಂದ ಹಂತಹಂತವಾಗಿ ಪಟ್ಟಿ ಕರಗಿತು. 2011ರ ಜನವರಿಯಲ್ಲಿ ಇಸ್ರೊ ಹಾಗೂ ಡಿಆರ್‌ಡಿಒದ ಉಳಿದ ಅಂಗಸಂಸ್ಥೆಗಳು ಹೊರಬಂದವು. ಭಾಭಾ ಅಣು ಸಂಶೋಧನಾ ಕೇಂದ್ರ, ಕಲ್ಪಾಕಂನ ಇಂದಿರಾ ಗಾಂಧಿ ಅಣು ಸಂಶೋಧನಾ ಕೇಂದ್ರ ಹಾಗೂ ಇಂಡಿಯನ್ ರೇರ್ ಅರ್ತ್ಸ್ ಸಂಸ್ಥೆಗಳನ್ನು ಕೈಬಿಟ್ಟಿದ್ದು 2025ರ ಜನವರಿಯಲ್ಲಿ.

ಶಾ ಆಲಂನ ಕಾರ್ಖಾನೆ ಕಲಿಸಿದ ಪಾಠ

ರಫ್ತು ನಿಯಂತ್ರಣ ಶ್ರೀಮಂತ ರಾಷ್ಟ್ರಗಳ ಕೂಟಗಳ ವಿಷಯವಾಗಿ ಉಳಿಯದೆ ಪ್ರತಿಯೊಂದು ರಾಷ್ಟ್ರದ ಕರ್ತವ್ಯವಾಗಲು ಕಾರಣವಾದದ್ದು ಒಂದು ಹಡಗು. 2003ರ ಅಕ್ಟೋಬರ್‌ನಲ್ಲಿ ಲಿಬಿಯಾದತ್ತ ಹೊರಟಿದ್ದ ‘ಬಿಬಿಸಿ ಚೈನಾ’ ಎಂಬ ಹಡಗನ್ನು ಇಟಲಿಯ ಟರಾಂಟೊ ಬಂದರಿಗೆ ತಿರುಗಿಸಿ ತಪಾಸಣೆ ನಡೆಸಲಾಯಿತು. ಅದರಲ್ಲಿದ್ದದ್ದು ಯುರೇನಿಯಂ ಸಾಂದ್ರೀಕರಣದ ಸೆಂಟ್ರಿಫ್ಯೂಜ್ ಬಿಡಿಭಾಗಗಳು. ಪಾಕಿಸ್ತಾನದ ವಿಜ್ಞಾನಿ ಎ.ಕ್ಯೂ. ಖಾನ್ ನಡೆಸುತ್ತಿದ್ದ ಗುಪ್ತ ಜಾಲ ಬಯಲಾಯಿತು.

ಗಮನಿಸಬೇಕಾದ ಅಂಶ ಬೇರೆಯೇ ಇದೆ. ಆ ಭಾಗಗಳು ತಯಾರಾಗಿದ್ದು ಯಾವುದೇ ಸೇನಾ ಕಾರ್ಖಾನೆಯಲ್ಲಲ್ಲ. ಮಲೇಷ್ಯಾದ ಶಾ ಆಲಂ ಪಟ್ಟಣದ ಒಂದು ಖಾಸಗಿ ಎಂಜಿನಿಯರಿಂಗ್ ಘಟಕದಲ್ಲಿ. ತೈಲ ಮತ್ತು ಅನಿಲ ಉದ್ಯಮಕ್ಕೆಂದು ಬಂದ ಬೇಡಿಕೆ ಎಂದೇ ತಾನು ನಂಬಿದ್ದಾಗಿ ಆ ಸಂಸ್ಥೆ ಹೇಳಿತು. ಮಲೇಷ್ಯಾದಲ್ಲಿ ಆಗ ಇಂತಹ ರಫ್ತಿಗೆ ಸಮಗ್ರ ಕಾನೂನೇ ಇರಲಿಲ್ಲ. ವ್ಯೂಹಾತ್ಮಕ ವ್ಯಾಪಾರ ಕಾಯ್ದೆ ಅಲ್ಲಿ ಬಂದದ್ದು 2010ರಲ್ಲಿ. ಸಣ್ಣ ಪಟ್ಟಣದ ಕಾರ್ಖಾನೆ, ದೂರದ ಗಿರಾಕಿ, ನಿಖರ ಅಳತೆಯ ನಕ್ಷೆ, ಒಳ್ಳೆಯ ಬೆಲೆ—ಇಂತಹ ಸನ್ನಿವೇಶ ಯಾವ ಕೈಗಾರಿಕಾ ಪ್ರದೇಶಕ್ಕೂ ಎದುರಾಗಬಹುದು.

ಈ ಬೆಳವಣಿಗೆಯ ಹಿನ್ನೆಲೆಯಲ್ಲಿ 2004ರ ಏಪ್ರಿಲ್ 28ರಂದು ಭದ್ರತಾ ಮಂಡಳಿಯು 1540ನೇ ನಿರ್ಣಯವನ್ನು ಅಂಗೀಕರಿಸಿತು. ಸಾಮೂಹಿಕ ವಿನಾಶದ ಅಸ್ತ್ರಗಳು ಸರ್ಕಾರೇತರ ಶಕ್ತಿಗಳ ಕೈಸೇರದಂತೆ ಕಾನೂನು, ರಫ್ತು ನಿಯಂತ್ರಣ ಮತ್ತು ಗಡಿ ಕಾವಲನ್ನು ಎಲ್ಲ ರಾಷ್ಟ್ರಗಳೂ ಹೊಂದಿರಬೇಕು ಎಂಬುದು ಅದರ ಸಾರ. ಸಾಮರ್ಥ್ಯವಿಲ್ಲದ ರಾಷ್ಟ್ರಗಳು ನೆರವು ಕೇಳಬಹುದು, ಸಾಮರ್ಥ್ಯವುಳ್ಳವು ನೀಡಬೇಕು ಎಂಬ ಆಶಯವೂ ಅದರಲ್ಲಿದೆ. ಭಾರತವು 2005ರಲ್ಲಿ ಸಾಮೂಹಿಕ ವಿನಾಶದ ಅಸ್ತ್ರಗಳ ಕಾಯ್ದೆಯನ್ನು ಜಾರಿಗೆ ತಂದಿತು. 2022ರ ತಿದ್ದುಪಡಿಯು ಇಂತಹ ಚಟುವಟಿಕೆಗೆ ಹಣ ಒದಗಿಸುವುದನ್ನೂ ಅಪರಾಧವಾಗಿಸಿತು.

ನೆರವು ಯಾವ ರೂಪದಲ್ಲಿ?

ಅಂತರರಾಷ್ಟ್ರೀಯ ನೆರವಿನ ಪೈಕಿ ದೊಡ್ಡದೆಂದು ಹೆಸರಾದದ್ದು ಅಮೆರಿಕದ ವಿದೇಶಾಂಗ ಇಲಾಖೆಯ ‘ರಫ್ತು ನಿಯಂತ್ರಣ ಹಾಗೂ ಸಂಬಂಧಿತ ಗಡಿ ಭದ್ರತೆ’ ಕಾರ್ಯಕ್ರಮ. ಎಕ್ಸ್‌ಬಿಎಸ್ ಎಂಬುದು ಅದರ ಹ್ರಸ್ವ ರೂಪ. ಸೋವಿಯತ್ ಒಕ್ಕೂಟ ಒಡೆದ ನಂತರ ಅಲ್ಲಿನ ಅಣು ಸಾಮಗ್ರಿಗಳು ಸೋರಿಹೋಗುವ ಭೀತಿಯಲ್ಲಿ 1990ರ ದಶಕದಲ್ಲಿ ಮೊಳೆತ ಈ ಕಾರ್ಯಕ್ರಮ ಮುಂದೆ 60ಕ್ಕೂ ಹೆಚ್ಚು ರಾಷ್ಟ್ರಗಳಿಗೆ ಹಬ್ಬಿತು. ಕಾನೂನು ರಚನೆ, ಪರವಾನಗಿ ವ್ಯವಸ್ಥೆ, ಉದ್ಯಮಗಳೊಂದಿಗೆ ಸಂಪರ್ಕ, ಜಾರಿ ಹಾಗೂ ಇಲಾಖೆಗಳ ನಡುವಿನ ಸಮನ್ವಯ ಇದರ ಕಾರ್ಯಕ್ಷೇತ್ರ. ವಿಕಿರಣ ಪತ್ತೆ ಯಂತ್ರ, ಎಕ್ಸ್-ರೇ ತಪಾಸಣಾ ಉಪಕರಣ, ಪರವಾನಗಿ ಅರ್ಜಿ ನಿರ್ವಹಣೆಯ ತಂತ್ರಾಂಶಗಳನ್ನೂ ಅದು ಒದಗಿಸಿತು. ಸುಂಕ ಅಧಿಕಾರಿಗಳಿಗೆ ನೀಡುವ ‘ವಸ್ತು ಗುರುತಿಸುವಿಕೆ’ ತರಬೇತಿ ಇವೆಲ್ಲದರ ಪೈಕಿ ಪ್ರಾಯೋಗಿಕವಾದದ್ದು: ಸಾಮಾನ್ಯ ಉಕ್ಕಿಗೂ ಮ್ಯಾರೇಜಿಂಗ್ ಉಕ್ಕಿಗೂ, ಕ್ರೀಡಾ ಸಾಮಗ್ರಿಯ ಇಂಗಾಲದ ನಾರಿಗೂ ಕ್ಷಿಪಣಿಯ ಇಂಗಾಲದ ನಾರಿಗೂ ಇರುವ ವ್ಯತ್ಯಾಸವನ್ನು ಕಣ್ಣಿಗೆ ಕಾಣುವಂತೆ ತೋರಿಸುವುದು.

ಐರೋಪ್ಯ ಒಕ್ಕೂಟ ‘ಪಿ2ಪಿ’ ಎಂಬ ಹೆಸರಿನಲ್ಲಿ ಇಂತಹುದೇ ಕಾರ್ಯಕ್ರಮ ನಡೆಸಿದೆ. ಜಪಾನ್ 1993ರಿಂದ ಏಷ್ಯಾದ ರಾಷ್ಟ್ರಗಳಿಗಾಗಿ ಟೋಕಿಯೊದಲ್ಲಿ ರಫ್ತು ನಿಯಂತ್ರಣ ವಿಚಾರಗೋಷ್ಠಿ ಏರ್ಪಡಿಸುತ್ತ ಬಂದಿದೆ. ವಿಶ್ವ ಸುಂಕ ಸಂಸ್ಥೆಯು ವಿಶ್ವಸಂಸ್ಥೆಯ ಮಾದಕವಸ್ತು ಮತ್ತು ಅಪರಾಧ ವಿಭಾಗದೊಂದಿಗೆ 2004ರಲ್ಲಿ ಕಂಟೇನರ್ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿತು. ಬಂದರಿಗೆ ಬರುವ ಎಲ್ಲ ಕಂಟೇನರ್‌ಗಳನ್ನೂ ತೆರೆದು ನೋಡುವುದು ಅಸಾಧ್ಯವಾದ್ದರಿಂದ, ಕಾಗದಪತ್ರಗಳ ಆಧಾರದ ಮೇಲೆ ಅನುಮಾನಾಸ್ಪದವಾದವನ್ನು ಆಯ್ದು ತೆಗೆಯುವ ವಿದ್ಯೆಯನ್ನು ಅದು ಕಲಿಸುತ್ತದೆ.

ಭಾರತದ ಸ್ಥಾನ ಇಲ್ಲಿ ವಿಶಿಷ್ಟ. ಅದು ಕೇವಲ ನೆರವು ಪಡೆಯುವ ರಾಷ್ಟ್ರವಲ್ಲ. ಅಮೆರಿಕದೊಂದಿಗೆ 2002ರ ಉನ್ನತ ತಂತ್ರಜ್ಞಾನ ಸಹಕಾರ ಗುಂಪು, 2004ರ ವ್ಯೂಹಾತ್ಮಕ ಸಹಭಾಗಿತ್ವದ ಮುಂದಿನ ಹೆಜ್ಜೆಗಳು ಎಂಬ ಒಪ್ಪಂದ, 2023ರ ವ್ಯೂಹಾತ್ಮಕ ವ್ಯಾಪಾರ ಸಂವಾದ ಇವೆಲ್ಲವುಗಳಲ್ಲಿ ಕೊಡುಕೊಳ್ಳುವಿಕೆಯ ತತ್ತ್ವವಿದೆ: ನಿಯಂತ್ರಣ ಬಿಗಿಯಾದಷ್ಟೂ ತಂತ್ರಜ್ಞಾನದ ಬಾಗಿಲು ತೆರೆಯುತ್ತದೆ. 2008ರ ಸೆಪ್ಟೆಂಬರ್ 6ರಂದು ಪರಮಾಣು ಪೂರೈಕೆದಾರರ ಗುಂಪು ಭಾರತಕ್ಕೆ ವಿನಾಯಿತಿ ನೀಡಿತು. 2016ರ ಜೂನ್‌ನಲ್ಲಿ ಕ್ಷಿಪಣಿ ಕೂಟ, 2017ರ ಡಿಸೆಂಬರ್‌ನಲ್ಲಿ ವಾಸೆನಾರ್, 2018ರ ಜನವರಿಯಲ್ಲಿ ಆಸ್ಟ್ರೇಲಿಯಾ ಗುಂಪು ಭಾರತವನ್ನು ಸದಸ್ಯನನ್ನಾಗಿ ಸ್ವೀಕರಿಸಿದವು. ಪರಮಾಣು ಪೂರೈಕೆದಾರರ ಗುಂಪಿನ ಸದಸ್ಯತ್ವ ಮಾತ್ರ ದೊರೆತಿಲ್ಲ.

2018ರ ಏಪ್ರಿಲ್‌ನಲ್ಲಿ 1540ನೇ ನಿರ್ಣಯದ ಜಾರಿಯಲ್ಲಿ ಉದ್ಯಮಗಳ ಪಾತ್ರ ಕುರಿತ ‘ಇಂಡಿಯಾ-ವೀಸ್‌ಬಾಡೆನ್’ ಸಮ್ಮೇಳನವನ್ನು ಭಾರತವೇ ನವದೆಹಲಿಯಲ್ಲಿ ನಡೆಸಿತು. ಸುಂಕ ಅಧಿಕಾರಿಗಳ ರಾಷ್ಟ್ರೀಯ ಅಕಾಡೆಮಿಯ ಹೊಸ ಆವರಣ 2024ರ ಜನವರಿ 16ರಂದು ಉದ್ಘಾಟನೆಯಾದದ್ದು ಕರ್ನಾಟಕದ ಗಡಿಗೆ ಸನಿಹದ ಆಂಧ್ರಪ್ರದೇಶದ ಪಾಲಸಮುದ್ರದಲ್ಲಿ.

ಟೀಕೆಗಳೂ ಇವೆ

ನೆರವು ನೀಡುವ ರಾಷ್ಟ್ರಗಳು ತಮ್ಮ ಹಿತವನ್ನು ಮರೆತು ನೀಡುವುದಿಲ್ಲ ಎಂಬ ಟೀಕೆಯಲ್ಲಿ ಹುರುಳಿದೆ. ದಶಕಗಳ ಕಾಲ ಅಭಿವೃದ್ಧಿಶೀಲ ರಾಷ್ಟ್ರಗಳು ಈ ಕೂಟಗಳನ್ನು ತಂತ್ರಜ್ಞಾನ ನಿರಾಕರಣೆಯ ಕೂಟಗಳೆಂದೇ ಕಂಡವು. ಭಾರತವೂ ಹಾಗೆಯೇ ವಾದಿಸಿತ್ತು. ಯಾವ ರಾಷ್ಟ್ರ ವಿಶ್ವಾಸಾರ್ಹ, ಯಾವುದು ಅಲ್ಲ ಎಂಬ ನಿರ್ಣಯ ರಾಜಕೀಯದಿಂದ ಮುಕ್ತವಲ್ಲ.

2024ರ ಅಕ್ಟೋಬರ್‌ನಲ್ಲಿ ಇದಕ್ಕೆ ನಿದರ್ಶನ ದೊರೆಯಿತು. ರಷ್ಯಾಕ್ಕೆ ದ್ವಿಬಳಕೆ ವಸ್ತುಗಳ ಪೂರೈಕೆಯ ಕಾರಣ ನೀಡಿ ಅಮೆರಿಕವು ವಿವಿಧ ದೇಶಗಳ ಸಂಸ್ಥೆಗಳ ಮೇಲೆ ದಿಗ್ಬಂಧನ ಹೇರಿದಾಗ ಭಾರತದ 19 ಖಾಸಗಿ ಸಂಸ್ಥೆಗಳು ಆ ಪಟ್ಟಿಯಲ್ಲಿದ್ದವು. ಈ ವ್ಯವಹಾರಗಳಿಂದ ಭಾರತದ ಕಾನೂನಿನ ಉಲ್ಲಂಘನೆಯಾಗಿಲ್ಲ ಎಂದು ವಿದೇಶಾಂಗ ಸಚಿವಾಲಯ ಸ್ಪಷ್ಟಪಡಿಸಿತು. ಜತೆಗೆ, ರಫ್ತು ನಿಯಂತ್ರಣದ ಬಗ್ಗೆ ಭಾರತೀಯ ಸಂಸ್ಥೆಗಳಲ್ಲಿ ತಿಳಿವಳಿಕೆ ಮೂಡಿಸುತ್ತಿರುವುದಾಗಿಯೂ ಹೇಳಿತು. ಅಂದರೆ ಸ್ವದೇಶದ ಕಾನೂನನ್ನು ಪಾಲಿಸಿದ ಮಾತ್ರಕ್ಕೆ ರಫ್ತುದಾರ ನಿಶ್ಚಿಂತನಾಗುವಂತಿಲ್ಲ.

ಇನ್ನೊಂದು ಬದಿಯಿಂದಲೂ ಹೊಡೆತ ಬೀಳುತ್ತದೆ. 2025ರ ಏಪ್ರಿಲ್‌ನಲ್ಲಿ ಚೀನಾವು ಏಳು ಬಗೆಯ ವಿರಳ ಭೂಧಾತುಗಳು ಹಾಗೂ ಅವುಗಳ ಅಯಸ್ಕಾಂತಗಳ ರಫ್ತಿಗೆ ಪರವಾನಗಿ ಕಡ್ಡಾಯಗೊಳಿಸಿದಾಗ ಭಾರತದ ವಾಹನ ಉದ್ಯಮ ತತ್ತರಿಸಿತು. ಮಂಡ್ಯದ ಲಿಥಿಯಂನಂತಹ ಖನಿಜಗಳ ಬಗ್ಗೆ ದೆಹಲಿ ತೋರುವ ಆಸಕ್ತಿಯ ಹಿಂದೆ ಇಂತಹ ಅನುಭವವೂ ಇದೆ.

ಕರ್ನಾಟಕದ ಬಾಗಿಲುಗಳು

ಮಂಡ್ಯ, ಮದ್ದೂರು, ಮಳವಳ್ಳಿಯ ಸರಕು ವಿದೇಶಕ್ಕೆ ಹೋಗುವ ಮುಖ್ಯ ಬಾಗಿಲುಗಳು ಮೂರು: ಬೆಂಗಳೂರಿನ ವೈಟ್‌ಫೀಲ್ಡ್ ಒಳನಾಡು ಕಂಟೇನರ್ ಡಿಪೊ, ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದ ಸರಕು ಸಂಕೀರ್ಣ ಹಾಗೂ ಮಂಗಳೂರಿನ ಪಣಂಬೂರು ಬಂದರು. ನೆರೆಯ ಚೆನ್ನೈ ಬಂದರಿನ ದಾರಿಯೂ ಇದೆ. 118 ಕಿ.ಮೀ. ಉದ್ದದ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯನ್ನು 2023ರ ಮಾರ್ಚ್ 12ರಂದು ಗೆಜ್ಜಲಗೆರೆಯಲ್ಲೇ ಲೋಕಾರ್ಪಣೆ ಮಾಡಲಾಯಿತು. ಪ್ರಯಾಣದ ಅವಧಿ ಇಳಿದಂತೆ ಈ ದಾರಿಯ ಊರುಗಳು ರಾಜಧಾನಿಯ ಕೈಗಾರಿಕೆಗಳ ಅಂಗಳಗಳಾಗುತ್ತಿವೆ. ಬೆಂಗಳೂರಿನ ವೈಮಾನಿಕ ಹಾಗೂ ಎಲೆಕ್ಟ್ರಾನಿಕ್ಸ್ ಉದ್ಯಮಗಳಿಗೆ ಬಿಡಿಭಾಗ ಒದಗಿಸುವ ಸಣ್ಣ ಘಟಕಗಳಿಗೆ ನೇರ ರಫ್ತಿನ ಆಸೆ ಹುಟ್ಟುವುದು ಸಹಜ.

ಇಲ್ಲಿ ಎಚ್ಚರಿಕೆ ಬೇಕಾದ ಅಂಶಗಳನ್ನು ಹೀಗೆ ಸಂಗ್ರಹಿಸಬಹುದು:

* ಮೊದಲು ವಸ್ತುವಿನ ವಿವರಗಳನ್ನು ಸ್ಕೋಮೆಟ್ ಪಟ್ಟಿಯೊಂದಿಗೆ ಹೋಲಿಸಬೇಕು. ಸುಂಕದ ಎಂಟು ಅಂಕಿಯ ಸಂಕೇತವೊಂದೇ ಸಾಲದು. ನಿಖರತೆ, ಶುದ್ಧತೆ, ಸಾಮರ್ಥ್ಯದ ಮಿತಿಗಳೇ ನಿರ್ಣಾಯಕ.
* ಗಿರಾಕಿ ಅಂತಿಮ ಬಳಕೆಯನ್ನು ಹೇಳಲು ಹಿಂಜರಿದರೆ, ದುಬಾರಿ ಯಂತ್ರದ ಅಳವಡಿಕೆ ಮತ್ತು ತರಬೇತಿ ಬೇಡವೆಂದರೆ, ನಗದಿನಲ್ಲೇ ಪಾವತಿಸುವೆನೆಂದರೆ, ಸರಕನ್ನು ಸುತ್ತುಬಳಸಿನ ದಾರಿಯಲ್ಲಿ ಕಳುಹಿಸಲು ಹೇಳಿದರೆ ಅವು ಅಪಾಯದ ಸೂಚನೆಗಳು.
* ನಿಯಂತ್ರಿತ ವಸ್ತುವಿನ ನಕ್ಷೆ ಅಥವಾ ತಂತ್ರಾಂಶವನ್ನು ಇ-ಮೇಲ್ ಮೂಲಕ ವಿದೇಶಕ್ಕೆ ಕಳುಹಿಸುವುದೂ ರಫ್ತು. ಪೆಟ್ಟಿಗೆ ಗಡಿ ದಾಟಬೇಕೆಂದಿಲ್ಲ.
* ಅನುಮಾನವಿದ್ದಲ್ಲಿ ಬೆಂಗಳೂರಿನ ಡಿಜಿಎಫ್‌ಟಿ ಪ್ರಾದೇಶಿಕ ಕಚೇರಿಯನ್ನು ಸಂಪರ್ಕಿಸಬಹುದು. ಅರ್ಜಿ ಸಲ್ಲಿಕೆ ಆನ್‌ಲೈನ್ ಮೂಲಕ ನಡೆಯುತ್ತದೆ.

ನಿಯಮಗಳೆಲ್ಲವೂ ಬಿಗಿಯಾಗುತ್ತಲೇ ಹೋಗಿವೆ ಎಂದೇನಲ್ಲ. 2023ರ ಜೂನ್‌ನಲ್ಲಿ, 25 ಕಿ.ಮೀ. ವ್ಯಾಪ್ತಿ ಹಾಗೂ 25 ಕಿಲೊ ಹೊರುವ ಸಾಮರ್ಥ್ಯದ ಮಿತಿಯೊಳಗಿನ ನಾಗರಿಕ ಡ್ರೋನ್‌ಗಳಿಗೆ ಪ್ರತಿ ಬಾರಿಯೂ ಅನುಮತಿ ಪಡೆಯುವ ಬದಲು ಸಾಮಾನ್ಯ ಅನುಮತಿಯ ಸೌಲಭ್ಯ ಕಲ್ಪಿಸಲಾಯಿತು. ದೂರಸಂಪರ್ಕ ಉಪಕರಣಗಳಿಗೂ ಇಂತಹುದೇ ಸೌಲಭ್ಯವಿದೆ.

ತಪ್ಪಿದರೆ ದಂಡವೇನು?

ವಿದೇಶ ವ್ಯಾಪಾರ ಕಾಯ್ದೆಯನ್ನು ಉಲ್ಲಂಘಿಸಿದ ಸಾಮಾನ್ಯ ಪ್ರಕರಣಗಳಲ್ಲಿ ಕನಿಷ್ಠ 10 ಸಾವಿರ ರೂಪಾಯಿಯಿಂದ ಸರಕಿನ ಮೌಲ್ಯದ ಐದು ಪಟ್ಟಿನವರೆಗೆ ದಂಡ ವಿಧಿಸಬಹುದು. ರಫ್ತುದಾರರ ಸಂಕೇತ ಸಂಖ್ಯೆಯನ್ನೇ ರದ್ದುಪಡಿಸಬಹುದು. ಅಂದರೆ ವಿದೇಶ ವ್ಯಾಪಾರದ ಬಾಗಿಲು ಮುಚ್ಚಿದಂತೆ. 2005ರ ಕಾಯ್ದೆಯಡಿ ಸಾಮೂಹಿಕ ವಿನಾಶದ ಅಸ್ತ್ರಗಳ ತಯಾರಿಕೆ, ಹಸ್ತಾಂತರ ಮೊದಲಾದ ಗಂಭೀರ ಅಪರಾಧಗಳಿಗೆ ಐದು ವರ್ಷಕ್ಕೆ ಕಡಿಮೆಯಿಲ್ಲದ, ಜೀವಾವಧಿಯವರೆಗೂ ವಿಸ್ತರಿಸಬಹುದಾದ ಸೆರೆವಾಸವಿದೆ.

ತಾಲ್ಲೂಕು ತಲುಪಬೇಕಾದ ಮಾತು

ದೊಡ್ಡ ಸಂಸ್ಥೆಗಳಲ್ಲಿ ಈ ಕಾನೂನನ್ನು ನೋಡಿಕೊಳ್ಳಲು ಪ್ರತ್ಯೇಕ ವಿಭಾಗವೇ ಇರುತ್ತದೆ. ಹತ್ತು ಜನ ಕೆಲಸ ಮಾಡುವ ಘಟಕದಲ್ಲಿ ಮಾಲೀಕನೇ ಎಂಜಿನಿಯರ್, ಆತನೇ ಲೆಕ್ಕಿಗ, ಆತನೇ ಮಾರಾಟಗಾರ. ಡಿಜಿಎಫ್‌ಟಿ ತಿಳಿವಳಿಕೆ ಕಾರ್ಯಕ್ರಮಗಳನ್ನು ನಡೆಸುತ್ತಿದೆ. 2024ರ ಜನವರಿಯಲ್ಲಿ ದೆಹಲಿಯಲ್ಲಿ ರಾಷ್ಟ್ರೀಯ ಸಮ್ಮೇಳನವೇ ಜರುಗಿತು. ಆದರೆ ಸಮ್ಮೇಳನಗಳು ದೆಹಲಿ, ಬೆಂಗಳೂರಿನಂತಹ ನಗರಗಳಲ್ಲಿ, ರಾಜಪತ್ರ ಹಿಂದಿ ಮತ್ತು ಇಂಗ್ಲಿಷಿನಲ್ಲಿ. ನಿಯಮ ಮುರಿದ ಮೇಲೆ ‘ಗೊತ್ತಿರಲಿಲ್ಲ’ ಎಂಬ ಉತ್ತರಕ್ಕೆ ಬೆಲೆಯಿಲ್ಲದಿರುವಾಗ, ಗೊತ್ತುಮಾಡುವ ಹೊಣೆ ಯಾರದು ಎಂಬುದು ಕೇಳಬೇಕಾದ ಪ್ರಶ್ನೆ. ಜಿಲ್ಲಾ ಕೈಗಾರಿಕಾ ಕೇಂದ್ರ, ಸಣ್ಣ ಕೈಗಾರಿಕೆಗಳ ಸಂಘ, ಪಾಲಿಟೆಕ್ನಿಕ್‌ಗಳ ಮೂಲಕ ಕನ್ನಡದಲ್ಲಿ ಈ ತಿಳಿವಳಿಕೆಯನ್ನು ಒಯ್ಯಲು ವಿದೇಶದ ನೆರವೇನೂ ಬೇಕಿಲ್ಲ.

ವಿಕಿರಣ ಪತ್ತೆ ಯಂತ್ರವನ್ನು ಬಂದರಿನಲ್ಲಿ ನಿಲ್ಲಿಸಬಹುದು, ಕಂಟೇನರ್‌ನೊಳಗಿನ ಚಿತ್ರವನ್ನು ಎಕ್ಸ್-ರೇ ತೋರಿಸಬಹುದು. ಗಿರಾಕಿ ಕಳುಹಿಸಿದ ನಕ್ಷೆ ಪಂಪಿನದೋ ಮತ್ತೊಂದರದೋ ಎಂಬ ಅನುಮಾನ ಮಾತ್ರ ಮೊದಲು ಮೂಡಬೇಕಾದದ್ದು ಲೇತ್ ಯಂತ್ರದ ಮುಂದೆ ನಿಂತವನ ಮನಸ್ಸಿನಲ್ಲಿ. ಶಾ ಆಲಂನಲ್ಲಿ ಆ ಅನುಮಾನ ಮೂಡಲಿಲ್ಲ. ಮದ್ದೂರಿನಲ್ಲಿ ಮೂಡಬೇಕಾದರೆ ಪಟ್ಟಿಯ ಹೆಸರಾದರೂ ಅಲ್ಲಿಗೆ ತಲುಪಿರಬೇಕು.